ಪೋರ್ಷೆ ಟೈಕಾನ್: ಟಾಪ್ ಮಾಡೆಲ್‌ಗೆ ಅಷ್ಟೊಂದು ದುಡ್ಡು ಕೊಡಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಪೋರ್ಷೆಯ ಎಲೆಕ್ಟ್ರಿಕ್ ಕಾರು ಟೈಕಾನ್ ತಯಾರಾಗುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನ ತ್ಸುಫೆನ್‌ಹೌಸನ್ ಕಾರ್ಖಾನೆಯಲ್ಲಿ. ಈ ಊರಿನ ಸುತ್ತಮುತ್ತ ಕಾರು ಕಂಪನಿಗಳಲ್ಲಿ, ಬಿಡಿಭಾಗದ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮವರು ಸಾಕಷ್ಟು ಜನ ಇದ್ದಾರೆ. ಹಾಗಾಗಿ ಈ ಗಾಡಿಯ ಬಗ್ಗೆ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಬೆಂಗಳೂರಿನಿಂದ ಫೋನ್ ಮಾಡಿ ಕೇಳುವವರೂ ಇದ್ದಾರೆ. ಸುತ್ತಿ ಬಳಸಿ ಎಲ್ಲರೂ ಕೇಳುವುದು ಒಂದನ್ನೇ: ಕೆಳಗಿನ ಮಾಡೆಲ್ ಸಾಕಾ, ಇಲ್ಲ ಮೇಲಿನದಕ್ಕೇ ಹೋಗಬೇಕಾ? ಬೇರೆ ಬೇರೆಯವರು ಕೇಳಿದ್ದನ್ನೆಲ್ಲ ಒಂದು ಕಡೆ ಸೇರಿಸಿ ಉತ್ತರ ಬರೆದಿದ್ದೇನೆ. ಬೆಲೆಗಳೆಲ್ಲ 2024ರ ಫೆಬ್ರವರಿಯಲ್ಲಿ ಹೊಸ ಟೈಕಾನ್ ಬಂದಾಗ ಜರ್ಮನಿಯಲ್ಲಿ ಪ್ರಕಟವಾದವು. ಆಮೇಲೆ ಬೆಲೆ ಹಿಂದೆ ಮುಂದೆ ಆಗುತ್ತಿರುತ್ತದೆ, ಆದರೆ ಮಾಡೆಲ್‌ಗಳ ನಡುವಿನ ಅಂತರ ತಿಳಿಯಲು ಇವು ಸಾಕು.

ಎಷ್ಟು ಮಾಡೆಲ್‌ಗಳಿವೆ? ಬೆಲೆ ಹೇಗೆ ಏರುತ್ತದೆ?

ಕೆಳಗಿನಿಂದ ಶುರು ಮಾಡಿದರೆ ಟೈಕಾನ್, ಟೈಕಾನ್ 4, 4ಎಸ್, ಜಿಟಿಎಸ್, ಟರ್ಬೊ, ಟರ್ಬೊ ಎಸ್, ಟರ್ಬೊ ಜಿಟಿ. ಬೇಸ್ ಮಾಡೆಲ್‌ಗೆ 1,01,500 ಯೂರೊ. 4ಎಸ್‌ಗೆ 1,20,900. ಟರ್ಬೊಗೆ 1,75,600. ಟರ್ಬೊ ಎಸ್‌ಗೆ 2,09,000. ಅಂದರೆ ಒಂದು ಟರ್ಬೊ ಎಸ್ ದುಡ್ಡಿನಲ್ಲಿ ಎರಡು ಬೇಸ್ ಟೈಕಾನ್ ಬಂದು, ಮೇಲೆ ಚಿಲ್ಲರೆಯೂ ಉಳಿಯುತ್ತದೆ.

ಎಲೆಕ್ಟ್ರಿಕ್ ಗಾಡಿಗೆ ಟರ್ಬೊ ಎಲ್ಲಿಂದ ಬಂತು ಎಂದೂ ಕೇಳುತ್ತಾರೆ. ಎಂಜಿನ್‌ಗೆ ಗಾಳಿ ತುಂಬುವ ಟರ್ಬೊ ಒಳಗೆ ಏನೂ ಇಲ್ಲ. ಪೋರ್ಷೆಯಲ್ಲಿ ಮೇಲಿನ ದರ್ಜೆಯ ಗಾಡಿಗೆ ಇಡುವ ಹೆಸರು ಅದು, ಅಷ್ಟೇ.

ಉದ್ದ ಬೇಡ. ಯಾವುದು ತಗೊಳ್ಳಲಿ, ಹೇಳಿ.

4ಎಸ್ ತಗೊಳ್ಳಿ, ದೊಡ್ಡ ಬ್ಯಾಟರಿ ಹಾಕಿಸಿ. ಹತ್ತರಲ್ಲಿ ಎಂಟು ಜನಕ್ಕೆ ನನ್ನ ಉತ್ತರ ಇದೇ. ಬಜೆಟ್ ಬಿಗಿ ಇದ್ದರೆ ಬೇಸ್ ಟೈಕಾನ್‌ಗೇ ದೊಡ್ಡ ಬ್ಯಾಟರಿ ಹಾಕಿಸಿದರೂ ಗಾಡಿ ಎಲ್ಲೂ ಕಮ್ಮಿ ಅನಿಸುವುದಿಲ್ಲ. ಟರ್ಬೊ, ಟರ್ಬೊ ಎಸ್ ಯಾರಿಗೆ ಸರಿ ಎಂದು ಮುಂದೆ ಹೇಳುತ್ತೇನೆ. ಅಂಥವರು ಇದ್ದಾರೆ, ಆದರೆ ಶೋರೂಂನವರು ಹೇಳುವಷ್ಟು ಜನ ಇಲ್ಲ.

ಪಿಕಪ್‌ನಲ್ಲಿ ಅಷ್ಟು ವ್ಯತ್ಯಾಸ ಇದೆ. ಅದಕ್ಕೆ ಬೆಲೆ ಇಲ್ವಾ?

ವ್ಯತ್ಯಾಸ ಇದೆ, ಸುಳ್ಳಲ್ಲ. ಸೊನ್ನೆಯಿಂದ 100 ಕಿಲೋಮೀಟರ್ ವೇಗಕ್ಕೆ ಹೋಗಲು ಬೇಸ್ ಟೈಕಾನ್‌ಗೆ 4.8 ಸೆಕೆಂಡ್ ಬೇಕು. 4ಎಸ್‌ಗೆ 3.7. ಟರ್ಬೊಗೆ 2.7. ಟರ್ಬೊ ಎಸ್‌ಗೆ 2.4.

ಈಗ ದುಡ್ಡನ್ನು ಪಕ್ಕದಲ್ಲಿಟ್ಟು ನೋಡಿ. ಬೇಸ್‌ನಿಂದ 4ಎಸ್‌ಗೆ ಹೋದರೆ 19,400 ಯೂರೊ ಜಾಸ್ತಿ. ಸಿಗುವುದು 1.1 ಸೆಕೆಂಡ್, ಜೊತೆಗೆ ಮುಂದಿನ ಚಕ್ರಗಳಿಗೂ ಮೋಟಾರ್. 4ಎಸ್‌ನಿಂದ ಟರ್ಬೊಗೆ 54,700 ಯೂರೊ. ಸಿಗುವುದು 1 ಸೆಕೆಂಡ್. ಟರ್ಬೊದಿಂದ ಟರ್ಬೊ ಎಸ್‌ಗೆ 33,400 ಯೂರೊ. ಸಿಗುವುದು ಸೆಕೆಂಡಿನ ಹತ್ತರಲ್ಲಿ ಮೂರು ಭಾಗ. ದುಡ್ಡೆಲ್ಲ ವೇಗಕ್ಕೇ ಹೋಗುವುದಿಲ್ಲ, ಒಳಗಿನ ಸಾಮಾನೂ ಬರುತ್ತದೆ. ಆದರೂ ಲೆಕ್ಕ ಯಾವ ಕಡೆ ವಾಲುತ್ತದೆ ಎಂದು ಗೊತ್ತಾಗುತ್ತದೆ, ಅಲ್ವಾ?

2.4 ಸೆಕೆಂಡ್ ಅಂದರೆ ಎಷ್ಟು ಎಂದೂ ತಿಳಿದಿರಲಿ. ಎತ್ತರದಿಂದ ಕೈಬಿಟ್ಟ ಕಲ್ಲು 100ರ ವೇಗ ಮುಟ್ಟಲು 2.8 ಸೆಕೆಂಡ್ ತಗೊಳ್ಳುತ್ತದೆ. ಟರ್ಬೊ ಎಸ್ ಅದಕ್ಕಿಂತ ಬೇಗ. ಮೊದಲ ಸಲ ಕೂತಾಗ ಕುತ್ತಿಗೆ ಸೀಟಿಗೆ ಅಂಟಿಕೊಳ್ಳುತ್ತದೆ, ಹೊಟ್ಟೆಯೊಳಗೆ ಒಂಥರಾ ಆಗುತ್ತದೆ. ಎರಡನೇ ಸಲ ನಗು ಬರುತ್ತದೆ. ಆಮೇಲೆ ಪಕ್ಕದಲ್ಲಿ ಕೂತವರು "ಸಾಕು, ಮೆಲ್ಲಗೆ ಓಡಿಸಿ" ಅನ್ನುತ್ತಾರೆ. 4ಎಸ್ ಕೂಡ ಭೂಮಿಯ ಸೆಳೆತದ ಮುಕ್ಕಾಲು ಭಾಗದಷ್ಟು ಬಲದಿಂದ ಬೆನ್ನಿಗೆ ತಳ್ಳುತ್ತದೆ. ದಾರಿಯಲ್ಲಿ ಲಾರಿ ಓವರ್‌ಟೇಕ್ ಮಾಡಲು, ಜರ್ಮನಿಯ ಹೆದ್ದಾರಿ ಆಟೊಬಾನ್‌ಗೆ ಸೇರಿಕೊಳ್ಳಲು ಅದಕ್ಕಿಂತ ಜಾಸ್ತಿ ಎಲ್ಲೂ ಬೇಕಾಗುವುದಿಲ್ಲ.

ಇನ್ನೊಂದು ವಿಷಯ. 2019ರಲ್ಲಿ ಟೈಕಾನ್ ಮೊದಲು ಬಂದಾಗ ಟರ್ಬೊ ಎಸ್‌ನ ಲೆಕ್ಕ 2.8 ಸೆಕೆಂಡ್. ಐದು ವರ್ಷ ಆಗುವ ಮೊದಲೇ ಅದರ ಕೆಳಗಿನ ಟರ್ಬೊ 2.7ಕ್ಕೆ ಬಂತು. ಇವತ್ತು ವೇಗದ ಹೆಸರಿನಲ್ಲಿ ಕೊಟ್ಟ ದುಡ್ಡು ಎಷ್ಟು ಬೇಗ ಹಳತಾಗುತ್ತದೆ ಎಂದು ಇದರಲ್ಲೇ ಗೊತ್ತಾಗುತ್ತದೆ. ಸೀಟು, ಸಸ್ಪೆನ್ಷನ್, ದೊಡ್ಡ ಬ್ಯಾಟರಿ ಹಾಗಲ್ಲ. ಅವು ದಿನಾ ಉಪಯೋಗಕ್ಕೆ ಬರುತ್ತವೆ.

ಟರ್ಬೊ ಎಸ್‌ನ 952 ಹಾರ್ಸ್‌ಪವರ್ ಯಾವಾಗಲೂ ಸಿಗುತ್ತಾ?

ಇಲ್ಲ. ಅದು ಲಾಂಚ್ ಕಂಟ್ರೋಲ್ ಹಾಕಿದಾಗ ಸಿಗುವ ಗರಿಷ್ಠ ಬಲ. ಎಡಗಾಲಲ್ಲಿ ಬ್ರೇಕ್, ಬಲಗಾಲಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ, ಬ್ರೇಕ್ ಬಿಟ್ಟರೆ ಆ ಬಲ ಬರುತ್ತದೆ. ಮಾಮೂಲಿ ಓಡಾಟದಲ್ಲಿ ಟರ್ಬೊ ಎಸ್‌ಗೆ 775, ಟರ್ಬೊಗೆ 707. ಶೋರೂಂನಲ್ಲಿ ಲಾಂಚ್ ಕಂಟ್ರೋಲ್‌ನ ಅಂಕಿಗಳನ್ನೇ, ಟರ್ಬೊದ 884ಕ್ಕೂ ಟರ್ಬೊ ಎಸ್‌ನ 952ಕ್ಕೂ ಹೋಲಿಸಿ ತೋರಿಸುತ್ತಾರೆ. ನೀವು ಲಾಂಚ್ ಕಂಟ್ರೋಲ್ ಎಷ್ಟು ಸಲ ಹಾಕುತ್ತೀರಿ ಎಂದು ಯೋಚಿಸಿ ಆ ಅಂಕಿಗಳನ್ನು ಓದಿ.

ದೊಡ್ಡ ಬ್ಯಾಟರಿಗೆ ದುಡ್ಡು ಹಾಕಬೇಕಾ?

ಈ ಗಾಡಿಯಲ್ಲಿ ಕಣ್ಣು ಮುಚ್ಚಿ ದುಡ್ಡು ಕೊಡಬಹುದಾದ ಒಂದೇ ಜಾಗ ಇದ್ದರೆ ಇದು. ಬೇಸ್ ಟೈಕಾನ್‌ಗೂ 4ಎಸ್‌ಗೂ ಸುಮ್ನೆ ಬರುವುದು 89 ಯೂನಿಟ್‌ನ (ಕಿಲೋವ್ಯಾಟ್ ಅವರ್) ಬ್ಯಾಟರಿ. 105 ಯೂನಿಟ್‌ನದು ಬೇಕಾದರೆ ಆಪ್ಷನ್‌ನಲ್ಲಿ ಹಾಕಿಸಬೇಕು. ಜಿಟಿಎಸ್‌ನಿಂದ ಮೇಲಕ್ಕೆ ಅದು ಗಾಡಿ ಜೊತೆಗೇ ಬರುತ್ತದೆ.

ದೊಡ್ಡ ಬ್ಯಾಟರಿ ಹಾಕಿಸಿದರೆ ಮೂರು ಲಾಭ. ರೇಂಜ್, ಅಂದರೆ ಒಂದು ಚಾರ್ಜ್‌ಗೆ ಹೋಗುವ ದೂರ, ಜಾಸ್ತಿ. ಫಾಸ್ಟ್ ಚಾರ್ಜಿಂಗ್‌ನ ಗರಿಷ್ಠ ವೇಗ 270 ಕಿಲೋವ್ಯಾಟ್‌ನಿಂದ 320ಕ್ಕೆ ಏರುತ್ತದೆ. ಬಲವೂ ಏರುತ್ತದೆ: 4ಎಸ್‌ನಲ್ಲಿ ಲಾಂಚ್ ಕಂಟ್ರೋಲ್ ಜೊತೆ 544 ಇದ್ದದ್ದು 598 ಆಗುತ್ತದೆ. ಪಿಕಪ್ ಬೇಕು ಎಂದು ಮೇಲಿನ ಮಾಡೆಲ್ ನೋಡುತ್ತಿರುವವರಿಗೆ ಇದನ್ನು ಹೇಳಲೇಬೇಕು. ಒಂದೇ ಆಪ್ಷನ್‌ನಲ್ಲಿ ರೇಂಜೂ ಬಲವೂ ಎರಡೂ ಸಿಗುವುದು ಇಲ್ಲಿ ಮಾತ್ರ.

ಹತ್ತು ಪರ್ಸೆಂಟ್‌ನಿಂದ ಎಂಬತ್ತಕ್ಕೆ ಚಾರ್ಜ್ ಮಾಡಲು, ಎಲ್ಲ ಅನುಕೂಲ ಆದರೆ, ಎರಡು ಬ್ಯಾಟರಿಗೂ ಸುಮಾರು 18 ನಿಮಿಷ. ಸಮಯ ಒಂದೇ ಆದರೂ ದೊಡ್ಡದರಲ್ಲಿ ಅಷ್ಟೇ ಹೊತ್ತಿಗೆ ಜಾಸ್ತಿ ಕಿಲೋಮೀಟರ್ ತುಂಬುತ್ತದೆ. ಸ್ಟುಟ್‌ಗಾರ್ಟ್‌ನಿಂದ ಮಿಲಾನ್ ಕಡೆಗೋ ಹ್ಯಾಂಬರ್ಗ್ ಕಡೆಗೋ ಹೋಗುವಾಗ ಅದು ಎದ್ದು ಕಾಣುತ್ತದೆ.

ಒಂದು ಸಣ್ಣ ಕಿವಿಮಾತು. ಚಾರ್ಜಿಂಗ್ ಸ್ಟೇಷನ್‌ಗೆ ಹೋಗುವಾಗ ಗಾಡಿಯ ನ್ಯಾವಿಗೇಷನ್‌ನಲ್ಲೇ ಅದನ್ನು ಹಾಕಿ, ಫೋನ್ ಮ್ಯಾಪ್ ನೋಡಿಕೊಂಡು ಹೋಗಬೇಡಿ. ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಗಾಡಿಗೆ ಗೊತ್ತಾದರೆ ದಾರಿಯಲ್ಲೇ ಬ್ಯಾಟರಿಯನ್ನು ಹದವಾಗಿ ಬಿಸಿ ಮಾಡಿಕೊಂಡಿರುತ್ತದೆ. ಜನವರಿ ಚಳಿಯಲ್ಲಿ ತಣ್ಣಗಿನ ಬ್ಯಾಟರಿ ಹಿಡಿದುಕೊಂಡು ಹೋದರೆ ಯಾವ ಮಾಡೆಲ್ ಆದರೂ 320 ಮುಟ್ಟುವುದಿಲ್ಲ.

ದುಬಾರಿ ಮಾಡೆಲ್ ಜಾಸ್ತಿ ದೂರ ಹೋಗುತ್ತಾ?

ಉಲ್ಟಾ. ಡಬ್ಲ್ಯುಎಲ್‌ಟಿಪಿ (ಯುರೋಪಿನಲ್ಲಿ ರೇಂಜ್ ಅಳೆಯುವ ಪರೀಕ್ಷೆ) ಲೆಕ್ಕದಲ್ಲಿ ಅತಿ ದೂರ ಹೋಗುವುದು ದೊಡ್ಡ ಬ್ಯಾಟರಿ ಹಾಕಿಸಿದ ಬೇಸ್ ಟೈಕಾನ್, 678 ಕಿಲೋಮೀಟರ್ ತನಕ. 4ಎಸ್ 642. ಟರ್ಬೊ, ಟರ್ಬೊ ಎಸ್ ಎರಡೂ 630. ಬೇಸ್ ಮಾಡೆಲ್‌ಗೆ ಒಂದೇ ಮೋಟಾರ್, ತೂಕ ಕಮ್ಮಿ, ಟೈರ್ ಸಣ್ಣದು. ಕಾರಣ ಇಷ್ಟೇ.

ಈ ಅಂಕಿಗಳನ್ನು ಹಾಗೇ ನಂಬಿ ಪ್ರಯಾಣಕ್ಕೆ ಹೊರಡಬೇಡಿ. ಆಟೊಬಾನ್‌ನಲ್ಲಿ 130ರಲ್ಲಿ ಹೋಗುವುದಕ್ಕೂ 180ರಲ್ಲಿ ಹೋಗುವುದಕ್ಕೂ ಗಾಳಿಯ ತಡೆ ಹತ್ತಿರ ಹತ್ತಿರ ಎರಡು ಪಟ್ಟು. ಟರ್ಬೊ ಎಸ್ ತಗೊಂಡು ಅದನ್ನು ಟರ್ಬೊ ಎಸ್ ಥರವೇ ಓಡಿಸಿದರೆ ಚಾರ್ಜರ್ ಮುಂದೆ ನಿಲ್ಲುವ ಹೊತ್ತೂ ಜಾಸ್ತಿ. ಸಮಾಧಾನವಾಗಿ ಬಂದ ಬೇಸ್ ಟೈಕಾನ್‌ನವರು ಅಷ್ಟರಲ್ಲಿ ಊರು ಸೇರಿರುತ್ತಾರೆ.

4ಎಸ್‌ಗೆ ಆಪ್ಷನ್‌ಗಳನ್ನೆಲ್ಲ ಸೇರಿಸಿದರೆ ಟರ್ಬೊ ಹತ್ತಿರವೇ ಬರುತ್ತಲ್ಲ? ಆಗ ಟರ್ಬೊನೇ ಮೇಲಲ್ವಾ?

ಇದು ಒಳ್ಳೆಯ ಪ್ರಶ್ನೆ. ಶೋರೂಂನಲ್ಲಿ ಜನರನ್ನು ಮೇಲಕ್ಕೆ ತಳ್ಳುವುದೂ ಇದೇ ಮಾತಿನಿಂದ. ಟರ್ಬೊದಲ್ಲಿ ದೊಡ್ಡ ಬ್ಯಾಟರಿ, ಒಳ್ಳೆಯ ಸೀಟು, ಒಳ್ಳೆಯ ಮ್ಯೂಸಿಕ್ ಸಿಸ್ಟಮ್, ದೊಡ್ಡ ಬ್ರೇಕ್ ಎಲ್ಲ ಮೊದಲೇ ಬರುತ್ತವೆ. ಹಾಗಾಗಿ ಬರೀ ಬೋರ್ಡಿನ ಬೆಲೆ ಹೋಲಿಸಿದರೆ ಟರ್ಬೊಗೆ ಅನ್ಯಾಯ ಮಾಡಿದಂತೆ.

ಆದರೆ ಪಟ್ಟಿ ಮಾಡುವ ವಿಧಾನ ಬೇರೆ ಇರಬೇಕು. ಟರ್ಬೊದಲ್ಲಿ ಏನೇನಿದೆ ಎಂದು ನೋಡಿ, ಅದನ್ನೆಲ್ಲ 4ಎಸ್‌ಗೆ ಸೇರಿಸುತ್ತಾ ಹೋದರೆ ಅಂತರ ಕಮ್ಮಿ ಕಾಣಲೇಬೇಕು. ಅದರ ಬದಲು ಒಂದು ಖಾಲಿ ಹಾಳೆ ತಗೊಳ್ಳಿ. ಗಾಡಿ ನೋಡುವ ಮೊದಲು, ನಿಮಗೆ ದಿನಾ ಬೇಕಾಗುವುದನ್ನು ಬರೆಯಿರಿ. ನನ್ನ ಹಾಳೆಯಲ್ಲಿ ದೊಡ್ಡ ಬ್ಯಾಟರಿ, ಹಿಂದಿನ ಚಕ್ರವೂ ತಿರುಗುವ ಸ್ಟಿಯರಿಂಗ್, ಒಳ್ಳೆಯ ಹೆಡ್‌ಲೈಟ್, ಹೆಚ್ಚು ಕಡೆ ಹೊಂದಿಸಬಹುದಾದ ಸೀಟು ಇರುತ್ತಿದ್ದವು. ಇವೆಲ್ಲ ಸೇರಿಸಿದರೂ 4ಎಸ್ ಬೆಲೆ ಟರ್ಬೊದ ಹತ್ತಿರ ಸುಳಿಯುವುದಿಲ್ಲ. ಸ್ಪ್ರಿಂಗ್ ಬದಲು ಗಾಳಿಯ ಮೇಲೆ ನಿಲ್ಲುವ ಏರ್ ಸಸ್ಪೆನ್ಷನ್‌ಗೆ ಬೇರೆ ದುಡ್ಡು ಕೊಡಬೇಕಾಗಿಲ್ಲ. 2024ರ ಗಾಡಿಯಿಂದ ಅದು ಬೇಸ್ ಮಾಡೆಲ್‌ಗೂ ಜೊತೆಗೇ ಬರುತ್ತದೆ. ಕಮ್ಮಿ ಕರೆಂಟಿನಲ್ಲಿ ಗಾಡಿ ಬಿಸಿ ಮಾಡುವ ಹೀಟ್ ಪಂಪೂ ಅಷ್ಟೇ.

ಹಿಂದಿನ ಚಕ್ರ ತಿರುಗುವ ಸ್ಟಿಯರಿಂಗ್ ಬಗ್ಗೆ ಎರಡು ಮಾತು ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಟೈಕಾನ್ ಸುಮಾರು ಐದು ಮೀಟರ್ ಉದ್ದದ ಗಾಡಿ. ಸ್ಟುಟ್‌ಗಾರ್ಟ್‌ನ ಹಳೆಯ ನೆಲಮಾಳಿಗೆ ಪಾರ್ಕಿಂಗ್‌ಗಳಲ್ಲಿ ಕಾಂಕ್ರೀಟ್ ಕಂಬದ ಪಕ್ಕ ತಿರುಗಿಸುವಾಗ ಬೆವರು ಬರುತ್ತದೆ. ನಿಧಾನ ಹೋಗುವಾಗ ಹಿಂದಿನ ಚಕ್ರ ಮುಂದಿನದಕ್ಕೆ ಎದುರು ದಿಕ್ಕಿನಲ್ಲಿ ಸ್ವಲ್ಪ ತಿರುಗಿ ಗಾಡಿ ಗಿಡ್ಡ ಆದಂತೆ ಅನಿಸುತ್ತದೆ. ಜೋರಾಗಿ ಹೋಗುವಾಗ ಅದೇ ದಿಕ್ಕಿಗೆ ತಿರುಗಿ ಲೇನ್ ಬದಲಿಸುವಾಗ ಭದ್ರವಾಗಿ ನಿಲ್ಲುತ್ತದೆ. ಟರ್ಬೊ ಎಸ್‌ಗೆ ಇದು ಜೊತೆಗೇ ಬರುತ್ತದೆ. 4ಎಸ್‌ಗೆ ಹಾಕಿಸಿಕೊಂಡರೆ ಟರ್ಬೊ ಎಸ್‌ನ ಅರ್ಧ ಸುಖ ಅಲ್ಲೇ ಸಿಕ್ಕಿತು.

ಚರ್ಮದ ಹೊದಿಕೆ, ಕಾರ್ಬನ್ ಪಟ್ಟಿ, ಬಣ್ಣದ ಸೀಟ್ ಬೆಲ್ಟ್ ಇಂಥವಕ್ಕೆ ಹಾಕಿದ ದುಡ್ಡು ಮಾರುವಾಗ ವಾಪಸ್ ಬರುವುದಿಲ್ಲ. ನಿಮಗೆ ಖುಷಿ ಅನಿಸಿದರೆ ಹಾಕಿಸಿ. ಲೆಕ್ಕಕ್ಕೆ ಹಿಡಿಯಬೇಡಿ.

ಮಳೆ, ಹಿಮ ಇರುವ ಊರಿಗೆ ನಾಲ್ಕು ಚಕ್ರಕ್ಕೂ ಡ್ರೈವ್ ಬೇಕಲ್ಲ?

ಬೇಕು ಅನಿಸಿದರೂ ಈಗ 4ಎಸ್‌ಗೇ ಹೋಗಬೇಕೆಂದಿಲ್ಲ. 2024ರ ಕೊನೆಗೆ ಟೈಕಾನ್ 4 ಬಂತು. ಬೇಸ್ ಮಾಡೆಲ್‌ನಷ್ಟೇ ಬಲ, ಮುಂದೆ ಇನ್ನೊಂದು ಮೋಟಾರ್, 100ಕ್ಕೆ 4.6 ಸೆಕೆಂಡ್. ಅದಕ್ಕಿಂತ ಮೊದಲು ಒಳ್ಳೆಯ ವಿಂಟರ್ ಟೈರ್ ತಗೊಳ್ಳಿ. ಹಿಮದಲ್ಲಿ ಗಾಡಿಯನ್ನು ನಿಲ್ಲಿಸುವುದು ಟೈರ್, ಮೋಟಾರ್ ಅಲ್ಲ.

ಸೆರಾಮಿಕ್ ಬ್ರೇಕ್?

ಟರ್ಬೊ ಎಸ್‌ಗೆ ಜೊತೆಗೇ ಬರುತ್ತದೆ. ರಸ್ತೆ ಮೇಲೆ ಮಾತ್ರ ಓಡಿಸುವವರಿಗೆ ಅಗತ್ಯ ಇಲ್ಲ. ಕಂಪನಿಯವರೇ ಹೇಳುವಂತೆ ದಿನದ ಓಡಾಟದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬ್ರೇಕ್ ಕೆಲಸವನ್ನು ಮೋಟಾರೇ ಮಾಡಿ ಕರೆಂಟನ್ನು ಬ್ಯಾಟರಿಗೆ ವಾಪಸ್ ಕಳಿಸುತ್ತದೆ. ಡಿಸ್ಕ್ ಮುಟ್ಟುವುದೇ ಅಪರೂಪ. ಎಲೆಕ್ಟ್ರಿಕ್ ಗಾಡಿಯಲ್ಲಿ ಡಿಸ್ಕ್ ಸವೆಯುವುದಕ್ಕಿಂತ ತುಕ್ಕು ಹಿಡಿಯುವುದೇ ಜಾಸ್ತಿ.

ಒಂದು ಮಧ್ಯದ ದಾರಿ ಇದೆ. ಕಬ್ಬಿಣದ ಡಿಸ್ಕ್ ಮೇಲೆ ಟಂಗ್‌ಸ್ಟನ್ ಕಾರ್ಬೈಡ್ ಲೇಪ ಇರುವ ಬ್ರೇಕ್. ನೋಡಲು ಕನ್ನಡಿಯಂತೆ ಹೊಳೆಯುತ್ತದೆ. ತುಕ್ಕು ಬೇಗ ಹಿಡಿಯುವುದಿಲ್ಲ, ಚಕ್ರಕ್ಕೆ ಕಪ್ಪು ಧೂಳೂ ಕಮ್ಮಿ. ವಾರಗಟ್ಟಲೆ ಮಳೆಯಲ್ಲಿ ಹೊರಗೆ ನಿಲ್ಲುವ ಗಾಡಿಗೆ ಇದು ಸೆರಾಮಿಕ್‌ಗಿಂತ ಒಳ್ಳೆಯ ಆಯ್ಕೆ.

21 ಇಂಚಿನ ಚಕ್ರ ನೋಡಲು ಚೆನ್ನಾಗಿದೆ...

ಚೆನ್ನಾಗಿದೆ, ಹೌದು. ಬೇಸ್ ಮಾಡೆಲ್‌ನ 19 ಇಂಚಿನಲ್ಲಿ ಟೈರ್‌ನ ಗೋಡೆ ದಪ್ಪ, ಗುಂಡಿಯ ಏಟು ಅಲ್ಲೇ ಇಂಗುತ್ತದೆ. 21 ಇಂಚಿನಲ್ಲಿ ಹಿಂದಿನ ಟೈರ್ 305/30, ಅಂದರೆ ಅಗಲ 305 ಮಿಲಿಮೀಟರ್, ಗೋಡೆ ಅದರ 30% ಮಾತ್ರ. ಅಷ್ಟು ತೆಳು ಗೋಡೆ ಇದ್ದರೆ ಒಂದು ಕೆಟ್ಟ ಗುಂಡಿಗೆ ರಿಮ್ಮೇ ಬೆಂಡ್ ಆಗಬಹುದು. ಮುಂದಿನ ಹಿಂದಿನ ಟೈರ್ ಅಳತೆ ಬೇರೆ ಆದ್ದರಿಂದ ಅದಲು ಬದಲು ಮಾಡಿ ಸವೆತ ಸರಿದೂಗಿಸುವ ಹಾಗೂ ಇಲ್ಲ. ಗಾಡಿ ಎರಡು ಟನ್ ಮೀರುತ್ತದೆ, ಹಿಂದಿನ ಟೈರ್ ಬೇಗ ಹೋಗುತ್ತದೆ. ಜರ್ಮನಿಯಲ್ಲಿ ಚಳಿಗಾಲಕ್ಕೆ ಇನ್ನೊಂದು ಸೆಟ್ ಬೇರೆ ಬೇಕು. ಚಕ್ರ ದೊಡ್ಡದಾದಷ್ಟೂ ಈ ಖರ್ಚು ಪ್ರತಿ ಸಲ ಏರುತ್ತದೆ, ರೇಂಜ್ ಇಳಿಯುತ್ತದೆ.

ಜಿಟಿಎಸ್ ಬಗ್ಗೆ ಯಾರೂ ಮಾತಾಡಲ್ಲ ಯಾಕೆ?

ಮಾತಾಡಬೇಕು. ಗುಡ್ಡದ ದಾರಿ, ತಿರುವುಗಳು, ಬೆಳಗಿನ ಜಾವ ಎದ್ದು ಬ್ಲ್ಯಾಕ್ ಫಾರೆಸ್ಟ್ ಕಡೆ ಸುಮ್ನೆ ಓಡಿಸಿಕೊಂಡು ಬರುವ ಹುಚ್ಚು ಇರುವವರಿಗೆ ಜಿಟಿಎಸ್ ಸರಿ. 700 ಹಾರ್ಸ್‌ಪವರ್, 100ಕ್ಕೆ 3.3 ಸೆಕೆಂಡ್, ದೊಡ್ಡ ಬ್ಯಾಟರಿ ಜೊತೆಗೇ ಬರುತ್ತದೆ. ಸಸ್ಪೆನ್ಷನ್ ಹದವನ್ನೇ ಬೇರೆ ಇಟ್ಟಿದ್ದಾರೆ. ಬೆಲೆ 4ಎಸ್‌ಗೂ ಟರ್ಬೊಗೂ ನಡುವೆ. ಮೇಲಿನ ಮಾಡೆಲ್‌ಗೆ ದುಡ್ಡು ಹಾಕಲೇಬೇಕು ಎಂದು ಮನಸ್ಸು ಮಾಡಿದ್ದರೆ ನಾನು ಇಲ್ಲಿ ನಿಲ್ಲುತ್ತೇನೆ. ಟರ್ಬೊ ನೇರ ದಾರಿಯಲ್ಲಿ ಜಾಸ್ತಿ ಬೆರಗು ಕೊಡುತ್ತದೆ. ಜಿಟಿಎಸ್ ತಿರುವಿನಲ್ಲಿ ಖುಷಿ ಕೊಡುತ್ತದೆ. ತಿರುವು ದಿನಾ ಸಿಗುತ್ತದೆ.

ಟರ್ಬೊ ಜಿಟಿ?

ರೇಸ್ ಟ್ರ್ಯಾಕ್‌ಗೆ ಹೋಗುವವರಿಗೆ ಮಾತ್ರ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕ್‌ನಲ್ಲಿ ಪೋರ್ಷೆಯ ಟೆಸ್ಟ್ ಡ್ರೈವರ್ ಲಾರ್ಸ್ ಕೆರ್ನ್ ಇದನ್ನು 7 ನಿಮಿಷ 7.55 ಸೆಕೆಂಡಿನಲ್ಲಿ ಒಂದು ಸುತ್ತು ಓಡಿಸಿದ್ದಾರೆ. ಟ್ರ್ಯಾಕ್‌ಗೆಂದೇ ಇರುವ ವೈಸಾಖ್ ಪ್ಯಾಕೇಜ್ ತಗೊಂಡರೆ 100ಕ್ಕೆ 2.2 ಸೆಕೆಂಡ್, ಆದರೆ ತೂಕ ಇಳಿಸಲು ಹಿಂದಿನ ಸೀಟನ್ನೇ ತೆಗೆದಿದ್ದಾರೆ. ಮಕ್ಕಳಿರುವ ಮನೆಗೆ ಇದು ಆಗುವುದಿಲ್ಲ.

ಜರ್ಮನಿಯಲ್ಲಿ ಕಂಪನಿ ಕಾರು ಅಂತ ತಗೊಂಡರೆ ಟಾಪ್ ಮಾಡೆಲ್ ಅಗ್ಗ ಆಗುತ್ತಾ?

ಅಗ್ಗ ಅನಿಸುತ್ತದೆ, ಪೂರ್ತಿ ಅಲ್ಲ. ಸ್ವಂತ ಓಡಾಟಕ್ಕೂ ಬಳಸುವ ಎಲೆಕ್ಟ್ರಿಕ್ ಕಂಪನಿ ಕಾರಿಗೆ ತಿಂಗಳಿಗೆ ಪಟ್ಟಿ ಬೆಲೆಯ 0.25% ಮಾತ್ರ ತೆರಿಗೆ ಬೀಳುವ ಆದಾಯಕ್ಕೆ ಸೇರಿಸುವ ಅನುಕೂಲ ಇದೆಯಲ್ಲ, ಅದಕ್ಕೆ ಬೆಲೆಯ ಮಿತಿ ಇದೆ. 2025ರ ಜುಲೈನಿಂದ ತಗೊಂಡ ಗಾಡಿಗಳಿಗೆ ಆ ಮಿತಿ 1,00,000 ಯೂರೊ. ಬೇಸ್ ಟೈಕಾನ್ 2024ರ ಪಟ್ಟಿಯಲ್ಲೇ ಅದನ್ನು ಸ್ವಲ್ಪದರಲ್ಲಿ ದಾಟಿದೆ. ದಾಟಿದರೆ 0.5% ಲೆಕ್ಕ.

4ಎಸ್‌ಗೆ ತಿಂಗಳಿಗೆ ಸುಮಾರು 605 ಯೂರೊ ನಿಮ್ಮ ಆದಾಯಕ್ಕೆ ಸೇರುತ್ತದೆ. ಟರ್ಬೊ ಎಸ್‌ಗೆ 1,045. ನೀವು 42% ತೆರಿಗೆ ಕಟ್ಟುವವರಾದರೆ ಇವೆರಡರ ವ್ಯತ್ಯಾಸ ತಿಂಗಳಿಗೆ ಸುಮಾರು 185 ಯೂರೊ. ಮನೆಯಿಂದ ಆಫೀಸಿನ ದೂರಕ್ಕೆ ಸೇರಿಸುವುದು ಬೇರೆ. ಆಪ್ಷನ್‌ಗಳ ಬೆಲೆಯೂ ಪಟ್ಟಿ ಬೆಲೆಗೆ ಸೇರುತ್ತದೆ ಎಂಬುದನ್ನು ಮರೆಯಬೇಡಿ. ಲೀಸ್ ಕಂತಿನ ವ್ಯತ್ಯಾಸವನ್ನು ಕಂಪನಿ ಕೊಡುತ್ತದಾ, ಇಲ್ಲ ನಿಮ್ಮ ಸಂಬಳದಿಂದ ಹಿಡಿಯುತ್ತದಾ ಎಂದು ಮೊದಲು ಕೇಳಿ. ಹೆಚ್ಚಿನ ಕಡೆ ಟಾಪ್ ಮಾಡೆಲ್ ಆಸೆ ಇಳಿಯುವುದು ಆ ಉತ್ತರ ಕೇಳಿದ ಮೇಲೆ.

ನಾನು ಬೆಂಗಳೂರಿನಲ್ಲಿದ್ದೇನೆ. ನನಗೂ ಇದೇ ಉತ್ತರನಾ?

ನಿಮಗೆ ಇನ್ನೂ ಗಟ್ಟಿಯಾಗಿ ಇದೇ ಉತ್ತರ. ಗಾಡಿ ಪೂರ್ತಿ ತಯಾರಾಗಿ ಜರ್ಮನಿಯಿಂದ ಬರುತ್ತದೆ. ಆಮದು ಸುಂಕವೇ ಗಾಡಿ ಬೆಲೆಯ ಹತ್ತಿರ ಹತ್ತಿರ ಅಷ್ಟಾಗುತ್ತದೆ. ಅಲ್ಲಿ ಫ್ಯಾಕ್ಟರಿಯಲ್ಲಿ ಹಾಕಿಸಿದ ಪ್ರತಿ ಆಪ್ಷನ್‌ಗೂ ಆ ಸುಂಕ ಬೀಳುತ್ತದೆ. ಕರ್ನಾಟಕದಲ್ಲಿ ಮೊದಲು ಎಲೆಕ್ಟ್ರಿಕ್ ಗಾಡಿಗೆ ರೋಡ್ ಟ್ಯಾಕ್ಸ್ ಇರಲಿಲ್ಲ. 2024ರಲ್ಲಿ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ 10% ಲೈಫ್‌ಟೈಮ್ ಟ್ಯಾಕ್ಸ್ ಹಾಕಿದರು. ಎರಡು ಮಾಡೆಲ್‌ಗಳ ನಡುವೆ ಒಂದು ಕೋಟಿ ಅಂತರ ಇದ್ದರೆ ಟ್ಯಾಕ್ಸ್‌ನಲ್ಲೇ ಹತ್ತು ಲಕ್ಷ ಜಾಸ್ತಿ. ಇನ್ಶೂರೆನ್ಸ್ ಪ್ರತಿ ವರ್ಷ ಬೇರೆ.

ಆ ದುಡ್ಡಿಗೆ ಪ್ರತಿಯಾಗಿ ಓಡಿಸುವುದು ಎಲ್ಲಿ? ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಮಿತಿ 100. ಉದ್ದಕ್ಕೂ ಕ್ಯಾಮರಾ ಇವೆ. 130 ದಾಟಿದರೆ ಎಫ್‌ಐಆರ್ ಹಾಕುತ್ತೇವೆ ಎಂದು ಪೊಲೀಸರು 2024ರ ಆಗಸ್ಟ್‌ನಿಂದ ಶುರು ಮಾಡಿದರು. ಅದು ಸರಿಯಾದ ಕೆಲಸ. ಆ ರಸ್ತೆಯಲ್ಲಿ ಆದ ಸಾವುಗಳು ಕಮ್ಮಿಯಲ್ಲ. ಬೇಸ್ ಟೈಕಾನ್ ಐದು ಸೆಕೆಂಡಿನೊಳಗೆ ಆ 100 ಮುಟ್ಟುತ್ತದೆ. ಅಲ್ಲಿಂದ ಮುಂದಿನ ಬಲವೆಲ್ಲ ಗಾಡಿಯೊಳಗೇ ಕೂತಿರುತ್ತದೆ. ನಿಜವಾಗಿ ಓಡಿಸುವ ಆಸೆ ಇದ್ದರೆ ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ ಇದೆ, ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈ ಟ್ರ್ಯಾಕ್ ಇದೆ. ವರ್ಷದಲ್ಲಿ ಹಲವು ಸಲ ಅಲ್ಲಿಗೆ ಹೋಗುವವರಿದ್ದರೆ ಮೇಲಿನ ಮಾಡೆಲ್ ಬಗ್ಗೆ ಮಾತಾಡೋಣ.

ಚಾರ್ಜಿಂಗ್‌ನಲ್ಲೂ ಅದೇ ಕಥೆ. 320 ಕಿಲೋವ್ಯಾಟ್ ಕೊಡುವ ಚಾರ್ಜರ್ ನಿಮ್ಮ ದಾರಿಯಲ್ಲಿ ಸಿಗುವುದು ಕಷ್ಟ. 60 ಕಿಲೋವ್ಯಾಟ್‌ನ ಚಾರ್ಜರ್ ಮುಂದೆ ಎಲ್ಲ ಮಾಡೆಲ್‌ಗಳೂ ಒಂದೇ. ಮನೆಯಲ್ಲಿ 11 ಕಿಲೋವ್ಯಾಟ್ ಚಾರ್ಜರ್ ಇದ್ದರೆ ರಾತ್ರಿ ಹಾಕಿ ಬೆಳಗ್ಗೆ ತೆಗೆಯಬಹುದು. ಅಪಾರ್ಟ್‌ಮೆಂಟಿನವರು ಬುಕ್ ಮಾಡುವ ಮೊದಲೇ ಅಸೋಸಿಯೇಷನ್ ಹತ್ತಿರ ಮಾತಾಡಿ, ತ್ರೀ ಫೇಸ್ ಲೋಡ್ ಸಿಗುತ್ತದಾ ಎಂದು ಬರಹದಲ್ಲಿ ತಗೊಳ್ಳಿ.

ಬೆಂಗಳೂರಿಗೆ ನಿಜವಾಗಿ ಬೇಕಾದದ್ದು ಬೇರೆ: ಹಂಪ್ ಬಂದಾಗ ಗಾಡಿ ಎತ್ತುವ ಸೌಲಭ್ಯ. ಟೈಕಾನ್‌ನ ಏರ್ ಸಸ್ಪೆನ್ಷನ್‌ಗೆ ಸ್ಮಾರ್ಟ್‌ಲಿಫ್ಟ್ ಅಂತ ಇದೆ. ನಿಮ್ಮ ರಸ್ತೆಯ ಹಂಪ್ ಹತ್ತಿರ, ಬೇಸ್‌ಮೆಂಟಿನ ಇಳಿಜಾರಿನ ಹತ್ತಿರ ಒಂದು ಸಲ ಹೇಳಿಕೊಟ್ಟರೆ ಜಿಪಿಎಸ್ ಆಧಾರದ ಮೇಲೆ ಆ ಜಾಗ ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಅಲ್ಲಿಗೆ ಬರುವಾಗ ತಾನೇ ಏಳುತ್ತದೆ. ಈ ಊರಿನಲ್ಲಿ 300 ಹಾರ್ಸ್‌ಪವರ್‌ಗಿಂತ ಇದಕ್ಕೆ ಬೆಲೆ ಜಾಸ್ತಿ. ಬುಕ್ ಮಾಡುವಾಗ ನಿಮ್ಮ ಗಾಡಿಯಲ್ಲಿ ಇದು ಇದೆಯಾ ಎಂದು ಕೇಳಿ ಖಚಿತ ಮಾಡಿಕೊಳ್ಳಿ. 21 ಇಂಚಿನ ಚಕ್ರ ಬೇಡವೇ ಬೇಡ.

ಮಾರುವಾಗ ಟಾಪ್ ಮಾಡೆಲ್‌ಗೆ ಒಳ್ಳೆ ರೇಟ್ ಸಿಗುತ್ತಾ?

ಇಲ್ಲ. ಟೈಕಾನ್‌ನ ರೀಸೇಲ್ ಬೆಲೆ ಬಿದ್ದಿರುವುದು ಎಲ್ಲರಿಗೂ ಗೊತ್ತಿರುವ ವಿಷಯ, ಅತಿ ಜಾಸ್ತಿ ದುಡ್ಡು ಕಳೆದುಕೊಂಡವರು ಟಾಪ್ ಮಾಡೆಲ್ ತಗೊಂಡವರೇ. ಜರ್ಮನಿ, ಬ್ರಿಟನ್, ಅಮೆರಿಕ ಎಲ್ಲ ಕಡೆ ಮೂರು ನಾಲ್ಕು ವರ್ಷದ ಹಳೆಯ ಟರ್ಬೊ ಎಸ್ ಹೊಸದರ ಅರ್ಧ ಬೆಲೆಗೆ, ಕೆಲವು ಸಲ ಅದಕ್ಕೂ ಕೆಳಗೆ ಸಿಗುತ್ತದೆ.

ಹಾಗಾದರೆ ಸೆಕೆಂಡ್ ಹ್ಯಾಂಡ್ ಟರ್ಬೊ ಎಸ್ ತಗೊಳ್ಳಲಾ?

ಟಾಪ್ ಮಾಡೆಲ್ ಆಸೆ ಬಿಡುತ್ತಿಲ್ಲ ಅಂದರೆ ಬುದ್ಧಿವಂತರ ದಾರಿ ಇದು. ಆದರೆ ಕಣ್ಣು ತೆರೆದು ತಗೊಳ್ಳಿ. 2024ಕ್ಕೆ ಮೊದಲಿನ ಗಾಡಿಗಳ ರೇಂಜ್ ತುಂಬಾ ಕಮ್ಮಿ. 2019ರಲ್ಲಿ ಟರ್ಬೊ ಎಸ್‌ಗೆ ಹೇಳಿದ್ದು 412 ಕಿಲೋಮೀಟರ್ ತನಕ. ಈಗಿನ ಬೇಸ್ ಮಾಡೆಲ್ ದೊಡ್ಡ ಬ್ಯಾಟರಿ ಜೊತೆ 678. ಪಿಕಪ್ ಮುಖ್ಯನಾ, ಊರಿಗೆ ನಿಲ್ಲದೆ ಹೋಗುವುದು ಮುಖ್ಯನಾ ಎಂದು ಮೊದಲು ನಿರ್ಧಾರ ಮಾಡಿ.

ಚಾಸಿಸ್ ನಂಬರ್ ತಗೊಂಡು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಗಾಡಿ ಕರೆಸುವುದು) ಕೆಲಸ ಎಲ್ಲ ಮುಗಿದಿದೆಯಾ ಕೇಳಿ. 2024ರಲ್ಲಿ ಮುಂದಿನ ಬ್ರೇಕ್ ಹೋಸ್ ಬಗ್ಗೆ ಒಂದು ದೊಡ್ಡ ರೀಕಾಲ್ ಆಯಿತು, ಹಳೆಯ ಗಾಡಿಗಳ ಬ್ಯಾಟರಿ ಮಾಡ್ಯೂಲ್‌ಗಳ ಬಗ್ಗೆ ಇನ್ನೊಂದು ಆಯಿತು. ಬ್ಯಾಟರಿ ವಾರಂಟಿ 8 ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು. ಆ ಅವಧಿಯಲ್ಲಿ ಸಾಮರ್ಥ್ಯ 70%ಗಿಂತ ಕೆಳಗೆ ಹೋಗಬಾರದು ಎಂಬುದು ಕರಾರು. ಎಷ್ಟು ವರ್ಷ ಉಳಿದಿದೆ ಎಂದು ಲೆಕ್ಕ ಹಾಕಿ, ಬ್ಯಾಟರಿ ಆರೋಗ್ಯದ ರಿಪೋರ್ಟ್ ಕೊಡದವರ ಹತ್ತಿರ ಗಾಡಿ ತಗೊಳ್ಳಬೇಡಿ. ಸೆರಾಮಿಕ್ ಡಿಸ್ಕ್‌ನ ಅಂಚನ್ನು ಟಾರ್ಚ್ ಹಾಕಿ ನೋಡಿ. ಚಕ್ರ ಬಿಚ್ಚುವಾಗ ರಿಮ್ ತಾಗಿದರೆ ಅಂಚು ಒಡೆಯುತ್ತದೆ, ಬದಲಿಸುವ ಖರ್ಚು ನೋಡಿದರೆ ಮಿಕ್ಕ ಲಾಭವೆಲ್ಲ ಹೋಗುತ್ತದೆ.

ಅಪ್ಪ ಅಮ್ಮ ಬಂದರೆ ಹಿಂದೆ ಕೂರಬಹುದಾ?

ಕೂರಬಹುದು. ಹಿಂದೆ ಕೂತವರ ಕಾಲಿಗೆ ಜಾಗ ಆಗಲಿ ಎಂದು ಬ್ಯಾಟರಿಯಲ್ಲೇ ತಗ್ಗು ಬಿಟ್ಟಿದ್ದಾರೆ, ಮೊಣಕಾಲು ಮೇಲೆದ್ದು ನಿಲ್ಲುವುದಿಲ್ಲ. ಕಷ್ಟ ಇರುವುದು ಹತ್ತಿ ಇಳಿಯುವಾಗ. ಗಾಡಿ ತಗ್ಗು, ಮಂಡಿ ನೋವಿನವರಿಗೆ ಏಳಲು ಆಸರೆ ಬೇಕಾಗುತ್ತದೆ. ಆಕ್ಟಿವ್ ರೈಡ್ ಸಸ್ಪೆನ್ಷನ್ ಹಾಕಿಸಿದ ಗಾಡಿಯಲ್ಲಿ ಬಾಗಿಲು ತೆಗೆದ ತಕ್ಷಣ ಗಾಡಿ ಮೇಲೆದ್ದು ನಿಲ್ಲುತ್ತದೆ. ಅದನ್ನು 4ಎಸ್‌ಗೂ ಹಾಕಿಸಬಹುದು. ಅಪ್ಪ ಅಮ್ಮನನ್ನು ಕೂರಿಸಿಕೊಂಡು ಓಡಾಡುವವರಿಗೆ ಟರ್ಬೊಗೆ ಹೋಗುವ ದುಡ್ಡಿನ ಸಣ್ಣ ಭಾಗದಲ್ಲಿ ಈ ಸುಖ ಸಿಗುತ್ತದೆ.

ಇಷ್ಟು ದೊಡ್ಡ ಗಾಡಿ ಬೇಡ. ಎರಡು ಸೀಟಿನ ಎಲೆಕ್ಟ್ರಿಕ್ ಎಂಜಿ ಸೈಬರ್‌ಸ್ಟರ್‌ನಲ್ಲೂ ಇದೇ ಗೊಂದಲ ಇದೆಯಾ?

ಬ್ರಿಟನ್‌ನಲ್ಲಿ ಇದೆ. ಅಲ್ಲಿ ಕೆಳಗಿನ ಮಾಡೆಲ್ ಟ್ರೋಫಿ 54,995 ಪೌಂಡ್‌ಗೆ, ಮೇಲಿನ ಮಾಡೆಲ್ ಜಿಟಿ 59,995 ಪೌಂಡ್‌ಗೆ ಬಂತು. ಎರಡಕ್ಕೂ 77 ಯೂನಿಟ್‌ನ ಅದೇ ಬ್ಯಾಟರಿ. ಜಿಟಿಗೆ ಎರಡು ಮೋಟಾರ್, 510 ಹಾರ್ಸ್‌ಪವರ್, 100ಕ್ಕೆ 3.2 ಸೆಕೆಂಡ್. ಟ್ರೋಫಿಗೆ ಹಿಂದೆ ಒಂದೇ ಮೋಟಾರ್, 5 ಸೆಕೆಂಡ್. ಆದರೆ ಟ್ರೋಫಿ 316 ಮೈಲಿ ಹೋದರೆ ಜಿಟಿ 276 ಮೈಲಿ. 5,000 ಪೌಂಡ್ ಜಾಸ್ತಿ ಕೊಟ್ಟು 40 ಮೈಲಿ ಕಳೆದುಕೊಂಡ ಹಾಗೆ. ಮೇಲಿನ ಹೊದಿಕೆ ತೆಗೆದು ಗಾಳಿ ತಗೊಂಡು ಹೋಗಲು ಮಾಡಿದ ಎರಡು ಸೀಟಿನ ಗಾಡಿಗೆ ಟ್ರೋಫಿಯೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಭಾರತದಲ್ಲಿ ಈ ಆಯ್ಕೆ ಇಲ್ಲ. 2025ರ ಜುಲೈನಲ್ಲಿ ಎರಡು ಮೋಟಾರಿನದೇ 74.99 ಲಕ್ಷಕ್ಕೆ ಬಂತು.

ಟೆಸ್ಟ್ ಡ್ರೈವ್‌ನಲ್ಲಿ ಏನು ನೋಡಲಿ?

ಮೊದಲು ಕೆಳಗಿನ ಮಾಡೆಲ್ ಓಡಿಸಿ. ಶೋರೂಂನವರು ಟರ್ಬೊ ತಂದು ನಿಲ್ಲಿಸಿರುತ್ತಾರೆ, ಬೇಡ ಅನ್ನಿ. ಮೇಲಿನದು ಮೊದಲು ಓಡಿಸಿದರೆ ಕೆಳಗಿನದು ಸಪ್ಪೆ ಅನಿಸುತ್ತದೆ. ಬೇಸ್ ಅಥವಾ 4ಎಸ್ ಅನ್ನು ನೀವು ದಿನಾ ಹೋಗುವ ದಾರಿಯಲ್ಲೇ, ನೀವು ಹೋಗುವ ಹೊತ್ತಿಗೇ ಓಡಿಸಿ. ನಿಮ್ಮ ಮನೆಯ ಪಾರ್ಕಿಂಗ್‌ಗೆ ಇಳಿಸಿ ನೋಡಿ, ತಳ ಉಜ್ಜುತ್ತದಾ, ಕಂಬದ ಪಕ್ಕ ತಿರುಗುತ್ತದಾ. ಮನೆಯವರನ್ನು ಹಿಂದೆ ಕೂರಿಸಿ ಅರ್ಧ ಗಂಟೆ ಸುತ್ತಿಸಿ. ಚಕ್ರದ ಅಳತೆ ನೀವು ತಗೊಳ್ಳುವುದೇ ಆಗಿರಲಿ, ಇಲ್ಲದಿದ್ದರೆ ಆ ಡ್ರೈವ್‌ನಿಂದ ರೈಡ್ ಹೇಗಿದೆ ಎಂದು ಗೊತ್ತಾಗುವುದಿಲ್ಲ.

ಅಷ್ಟಾದ ಮೇಲೆ "ಇನ್ನೂ ಬಲ ಬೇಕಿತ್ತು" ಎಂದು ಎಲ್ಲಿಯಾದರೂ ಅನಿಸಿತಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಅನಿಸಿದ್ದರೆ ಬೇರೆ ದಿನ ಜಿಟಿಎಸ್ ಓಡಿಸಿ. ಒಂದೇ ದಿನ ಎರಡೂ ಬೇಡ.